ಅಡ್ಡ ನಿಂತ ಗೀರು

ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತ ಸೆಪ್ಟೆಂಬರ್ 3ಕ್ಕೆ. ಅದಕ್ಕೆ ಇನ್ನೆರಡು ದಿನ ಇತ್ತು. ನಾಟಿ ಮುಗಿದಿತ್ತು, ಮಳೆ ಮುಗಿದಿರಲಿಲ್ಲ. ನಮ್ಮದು ಅಜ್ಜನ ಕಾಲದ ಜೋಡಿನಳಿಗೆಯ ಜಮ್ಮಾ ಕೋವಿ, ಅಂದರೆ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಕ್ಕಿನಲ್ಲಿ ಇಟ್ಟುಕೊಂಡದ್ದು. ಕೊಡಗಿನ ಈ ಕೋವಿಗಳಿಗೆ ಲೈಸೆನ್ಸ್‌ನಿಂದ 2029ರವರೆಗೆ ವಿನಾಯಿತಿ ಇದೆ, ತುಕ್ಕಿನಿಂದ ಇಲ್ಲ.

ಪ್ರತಿ ವರ್ಷ ಅದನ್ನು ಒರೆಸುತ್ತಿದ್ದವರು ದೊಡ್ಡಪ್ಪ. ಆ ಸಲ ಅವರಿಗೆ ಕಣ್ಣಿನ ಆಪರೇಷನ್ ಆಗಿತ್ತು, ಕೆಲಸ ನನಗೆ ಬಂತು. ಒಳಗೆ ತೋಟಾ ಇಲ್ಲವೆಂದು ಎರಡೆರಡು ಸಲ ನೋಡಿ ನಳಿಗೆ ಕಳಚಿದೆ. ಎಣ್ಣೆಬಟ್ಟೆ ಎಳೆದು ಅಲ್ಲಿಗೇ ನಿಲ್ಲಿಸಬಹುದಿತ್ತು. ಟ್ರಿಗರ್ ಸುತ್ತ ಕೆಂಪು ಪುಡಿ ಕಂಡಿತು, ತಳದ ತಗಡಿನ ನಾಲ್ಕು ಸ್ಕ್ರೂಗಳನ್ನೂ ಬಿಚ್ಚಿದೆ. ನಾಲ್ಕೂ ಒಂದೇ ಥರ ಕಂಡವು. ಸೀಮೆಎಣ್ಣೆ ಬಟ್ಟಲಿಗೆ ಒಟ್ಟಿಗೇ ಹಾಕಿದೆ. ಮುರಿದದ್ದು ಮರುದಿನ, ಆದರೆ ಕೆಲಸ ಕೆಟ್ಟದ್ದು ಆ ಬಟ್ಟಲಲ್ಲೇ.

ಜೋಡಿಸುವಾಗ ಎರಡು ಸಲೀಸಾಗಿ ಕೂತವು. ಮೂರನೆಯದು ತುಸು ಸಡಿಲ ಅನ್ನಿಸಿತು, ತಲೆ ಕೆಡಿಸಿಕೊಳ್ಳಲಿಲ್ಲ. ನಾಲ್ಕನೆಯದರ ತಲೆಯ ಮೇಲಿನ ಗೀರು ಅಡ್ಡಕ್ಕೆ ನಿಂತುಬಿಟ್ಟಿತು. ಒಳ್ಳೆಯ ಹಳೆ ಕೋವಿಗಳಲ್ಲಿ ಸ್ಕ್ರೂಗಳ ಗೀರುಗಳೆಲ್ಲ ನಳಿಗೆಯ ನೇರಕ್ಕೆ ಇರುತ್ತವೆ. ನಮ್ಮದರಲ್ಲೂ ಹಾಗೇ ಇದ್ದದ್ದು ನೆನಪಿತ್ತು. ಇನ್ನು ಕಾಲು ಸುತ್ತು ತಾನೇ ಎಂದುಕೊಂಡೆ. ಕೈಯಲ್ಲಿದ್ದದ್ದು ಸೈಕಲ್ ರಿಪೇರಿಯ ಸ್ಕ್ರೂಡ್ರೈವರ್, ತುದಿ ಬೆಣೆಯ ಹಾಗೆ. ಗೀರಿನಿಂದ ಎದ್ದೆದ್ದು ಬರುತ್ತಿತ್ತು. ಎದೆಯ ಭಾರ ಹಾಕಿ ಒತ್ತಿ ತಿರುಗಿಸಿದೆ. ಟಿಕ್. ತಲೆ ಕೈಗೆ ಬಂತು, ಮೈ ಒಳಗೇ ಉಳಿಯಿತು.

ದೊಡ್ಡಪ್ಪ ಬೈಯಲಿಲ್ಲ, ಅದೇ ಕಷ್ಟವಾಯಿತು. "ಗೀರು ಅಡ್ಡ ನಿಂತರೆ ಬಿಗಿ ಸಾಲದು ಅಂತಲ್ಲ ಮಾರಾಯ, ಅದು ಆ ತೂತಿನದಲ್ಲ ಅಂತ" ಎಂದರು.

ಹಬ್ಬದ ದಿನ ಪೂಜೆಗೆ ಇಟ್ಟಾಗ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಆ ತೂತು ಮುಚ್ಚಿದೆ. ತೆಂಗಿನಕಾಯಿಗೆ ಗುರಿ ಹೊಡೆಯಲು ನೆಂಟರ ಕೋವಿಗಳು ಹೋದವು, ನಮ್ಮದು ಒಳಗೇ ಮಲಗಿತ್ತು.

ಕೋವಿ ರಿಪೇರಿಯವರು ಚೂಪು ಮೊಳೆಯ ತುದಿಯನ್ನು ಒಳಗುಳಿದ ತುಂಡಿನ ಅಂಚಿಗಿಟ್ಟು ಹಗುರಾಗಿ ಹಿಂದಕ್ಕೆ ತಟ್ಟಿದರು. ತಲೆ ಹೋದ ಮೇಲೆ ಬಿಗಿತವೂ ಹೋಗಿರುತ್ತದಂತೆ, ತುಂಡು ತಾನಾಗಿ ತಿರುಗಿ ಬಂತು. ಹೊಸ ಸ್ಕ್ರೂ ಮಾಡಿದ ರೀತಿಯನ್ನು ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ತಲೆಯನ್ನು ಬೇಕಂತಲೇ ಎತ್ತರ ಬಿಟ್ಟು, ಇಕ್ಕಳದಲ್ಲಿ ಪೂರ್ತಿ ಬಿಗಿದು, ನಳಿಗೆಯ ನೇರಕ್ಕೆ ಗುರುತು ಹಾಕಿ, ಹೊರತೆಗೆದು, ಆಮೇಲೆ ಗೀರು ಕೊರೆದು ತಲೆಯನ್ನು ಅರದಿಂದ ಸಮ ಮಾಡಿದರು. ಹಾಗಾಗಿ ಒಂದರ ಜಾಗಕ್ಕೆ ಇನ್ನೊಂದು ಯಾವತ್ತೂ ಕೂರುವುದಿಲ್ಲ. ನನ್ನ ಸ್ಕ್ರೂಡ್ರೈವರಿನ ತುದಿಯನ್ನೂ ಗೀರಿನ ತಳ ಮುಟ್ಟುವಂತೆ, ಅದರ ಅಗಲಕ್ಕೆ ಸರಿಯಾಗಿ ಸಾಣೆ ಹಿಡಿದು ಕೊಟ್ಟರು. ಸ್ಕ್ರೂ ಹಾಕುವಾಗ ಮೊದಲು ಹಿಂದಕ್ಕೆ ತಿರುಗಿಸಬೇಕು, ಥ್ರೆಡ್ ಸಿಕ್ಕಿದ ಕೂಡಲೇ ಒಂಚೂರು ಇಳಿಯುತ್ತದೆ, ಅಲ್ಲಿಂದ ಮುಂದಕ್ಕೆ.

ಈಗ ರಟ್ಟಿನ ಮೇಲೆ ತಗಡಿನ ಚಿತ್ರ ಬರೆದು, ಬಿಚ್ಚಿದ ಸ್ಕ್ರೂವನ್ನು ಅದರದೇ ಜಾಗದಲ್ಲಿ ಚುಚ್ಚಿಡುತ್ತೇನೆ. ಹೊಸದು ಇನ್ನೂ ಉಳಿದ ಮೂರಕ್ಕಿಂತ ಬೆಳ್ಳಗಿದೆ. ಪ್ರತಿ ಹಬ್ಬಕ್ಕೂ ಕಡಂಬುಟ್ಟು, ಪಂದಿ ಕರಿ ಬಡಿಸುವ ಮೊದಲು ದೊಡ್ಡಪ್ಪ ಅದನ್ನು ನೆಂಟರಿಗೆ ತೋರಿಸುತ್ತಾರೆ.