ಹಂಗಾದ್ರೆ ಒಂದ್ ಕಟ್ಟು ಬೀಡಿ ಕೊಡಕ್ಕ

ಮಂಗಳವಾರದಿಂದ ಈ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ.

ಹೇಳಿದ್ದು ನಾನಲ್ಲ, ಪಕ್ಕದಲ್ಲಿ ನಿಂತಿದ್ದ ಹುಡುಗ. ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ಪ್ಯಾಂಟಿನ ತುಂಬಾ ಪೇಂಟಿನ ಕಲೆ. ಮೈಸೂರಿನಲ್ಲಿ ಆಸ್ಪತ್ರೆಯೊಂದರ ಎದುರಿನ ರಸ್ತೆ, ಅಲ್ಲೊಂದು ಪೆಟ್ಟಿಗೆ ಅಂಗಡಿ. ದೊಡ್ಡಪ್ಪನನ್ನು ಸೇರಿಸಿ ನಾಲ್ಕು ದಿನವಾಗಿತ್ತು. ಉಸಿರಾಟದ ತೊಂದರೆ. ಡಾಕ್ಟರು 'ಇಷ್ಟು ವರ್ಷ ಸೇದಿದ್ದಾರಲ್ಲ' ಎಂದು ನನಗೇ ಬೈದಿದ್ದರು. ಬೈಸಿಕೊಂಡವನು ಸೀದಾ ಹೋಗಿದ್ದು ಸಿಗರೇಟಿಗೆ. ಏನು ಹೇಳಲಿ, ನಾನೂ ಅದೇ ಜಾತಿ.

'ಅಕ್ಕಾ, ಒಂದು ಕಿಂಗ್' ಅಂದೆ. ಬಿಸ್ಕತ್ ಡಬ್ಬದ ಹಿಂದಿನಿಂದ ಪ್ಯಾಕು ತೆಗೆದರು. ಬಿಡಿಯಾಗಿ ಮಾರಬಾರದು ಎಂದು ನಮ್ಮ ರಾಜ್ಯದಲ್ಲಿ 2017ರಲ್ಲೇ ಆದೇಶ ಆಗಿದೆ. ಅದಕ್ಕೇ ಆ ಡಬ್ಬದ ಮರೆ. 'ಇಪ್ಪತ್ತೆರಡು ಸಾರ್, ಒಂದನೇ ತಾರೀಖಿಂದ ಜಾಸ್ತಿ' ಅಂದರು. ಫೋನ್ ಹಿಡಿದು ಸ್ಕ್ಯಾನ್ ಮಾಡಿದೆ, 22 ಒತ್ತಿದೆ. ಹದಿನೆಂಟಿತ್ತು ಅನ್ನುವುದು ಕಡ್ಡಿ ಗೀರುವಾಗ ನೆನಪಾಯಿತು ಅಷ್ಟೆ.

ಆ ಹುಡುಗನ ಕೈಯಲ್ಲಿ ಇಪ್ಪತ್ತರ ನೋಟಿತ್ತು. ನಾನು ಕೊಟ್ಟಿದ್ದನ್ನು ನೋಡಿದ. ನೋಟನ್ನು ಒಂದು ಸಲ ಮಡಿಸಿದ, ಮತ್ತೆ ಬಿಡಿಸಿದ. 'ಹಂಗಾದ್ರೆ ಒಂದ್ ಕಟ್ಟು ಬೀಡಿ ಕೊಡಕ್ಕ' ಅಂದ. ಅಕ್ಕ ಅವನ ಮುಖವನ್ನೂ ನೋಡಲಿಲ್ಲ. ಅವನು ಬಾಯಿ ಬಿಡುವ ಮೊದಲೇ ಅವರ ಕೈ ಬೀಡಿ ಕಡೆ ಹೋಗಿತ್ತು. 'ಮೂರು ದಿನದಿಂದ ಹಿಂಗೇ ಸಾರ್, ಬೈಯೋದು ಮಾತ್ರ ನನ್ನ' ಎಂದು ನನ್ನತ್ತ ತಿರುಗಿ ನಕ್ಕರು. ಒಂದು ಸಿಗರೇಟಿಗೆ ಸಾಲದ ನೋಟಿಗೆ ಒಂದು ಕಟ್ಟು ಬೀಡಿ ಬಂತು.

ಇಷ್ಟೇ ಆಗಿದ್ದು. ಆದರೆ ಬೀಡಿ ಕಡೆ ಹೋದ ಅಕ್ಕನ ಆ ಕೈ ಕಣ್ಣಿಂದ ಹೋಗುತ್ತಿಲ್ಲ.

2026ರ ಫೆಬ್ರವರಿ 1ರಿಂದ ಸಿಗರೇಟಿನ ಮೇಲೆ ಹೊಸ ಅಬಕಾರಿ ಸುಂಕ ಬಂದಿದೆ. ಉದ್ದ ನೋಡಿಕೊಂಡು ಸಾವಿರ ಸಿಗರೇಟಿಗೆ 2,050 ರೂಪಾಯಿಂದ 8,500 ರೂಪಾಯಿವರೆಗೆ. ಅದರ ಮೇಲೆ ಶೇ 40 ಜಿಎಸ್‌ಟಿ. ಸರಿ, ಹಾಕಲಿ. ಸೇದುವವನಾಗಿಯೂ ಇದಕ್ಕೆ ನನ್ನ ವಿರೋಧ ಇಲ್ಲ. ಬೆಲೆ ಏರಿದರೆ ಮೊದಲು ಬಿಡುವವರು ಜೇಬು ತೆಳ್ಳಗಿರುವವರು ಮತ್ತು ಚಿಕ್ಕ ವಯಸ್ಸಿನವರು. ಚಿಲ್ಲರೆ ಬೆಲೆಯಲ್ಲಿ ಮುಕ್ಕಾಲು ಪಾಲು ತೆರಿಗೆಯೇ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದಕ್ಕೇ. ಆ ಹುಡುಗ ಎರಡು ರೂಪಾಯಿಗೆ ತಡೆದು ನಿಂತನಲ್ಲ, ಅಂದರೆ ತೆರಿಗೆ ಕೆಲಸ ಮಾಡಿತು. ನಿಲ್ಲದವನು ನಾನು. ಸಂಬಳ ಬರುವವನಿಗೆ ನಾಲ್ಕು ರೂಪಾಯಿ ಯಾವ ಲೆಕ್ಕ.

ಆದರೆ ತಡೆದು ನಿಂತವನ ಪಕ್ಕದಲ್ಲೇ ಇನ್ನೊಂದು ಬಾಗಿಲು ತೆಗೆದಿಟ್ಟರೆ? ಬೀಡಿಯ ಜಿಎಸ್‌ಟಿ ಮೊದಲು ಶೇ 28 ಇತ್ತು, ಈಗ 18. ಹೌದು, ಇಳಿದಿದೆ. ಸುತ್ತುವ ಎಲೆಗೆ 18 ಇದ್ದದ್ದು 5 ಆಗಿದೆ. ನಮ್ಮ ದೇಶದಲ್ಲಿ ಸಿಗರೇಟಿಗಿಂತ ಬೀಡಿ ಸೇದುವವರೇ ಜಾಸ್ತಿ. ಅವರಲ್ಲಿ ಬಡವರೇ ಹೆಚ್ಚು. ಸಾಹೇಬರ ಹೊಗೆಗೆ ದಂಡ, ಕೂಲಿಯವನ ಹೊಗೆಗೆ ರಿಯಾಯಿತಿ. ಕರುಣೆ ಅನ್ನಬೇಕೋ ಏನೋ.

ಇದನ್ನು ಆಫೀಸಿನಲ್ಲಿ ಹೇಳಿ ಸಿಕ್ಕಿಕೊಂಡೆ. ನನ್ನ ಜೊತೆ ಕೆಲಸ ಮಾಡುವವರೊಬ್ಬರು ಪುತ್ತೂರಿನವರು. 'ನಮ್ಮಮ್ಮ ಬೀಡಿ ಕಟ್ಟದಿದ್ದರೆ ನಾನು ಇಲ್ಲಿ ಕೂತಿರುತ್ತಿರಲಿಲ್ಲ' ಅಂದರು. ದಕ್ಷಿಣ ಕನ್ನಡದ ಎಷ್ಟೋ ಮನೆಗಳ ಫೀಸು, ಚಿನ್ನ, ಮದುವೆ ಎಲ್ಲಾ ಆ ಎಲೆ ಸುತ್ತಿದ ಬೆರಳುಗಳಿಂದಲೇ ಬಂದದ್ದು. ಉತ್ತರ ಹೊಳೆಯಲಿಲ್ಲ. ನಮ್ಮ ಮನೆಯದೇನು ಕಡಿಮೆ ಕಥೆಯಾ? ಪಿರಿಯಾಪಟ್ಟಣದ ಕಡೆಯವರು ನಾವು. ದೊಡ್ಡಪ್ಪನದು ಲೈಸೆನ್ಸ್ ಇರುವ ಬ್ಯಾರನ್, ಅಂದರೆ ಬೆಂಕಿಯ ಬಿಸಿಯಲ್ಲಿ ಹೊಗೆಸೊಪ್ಪು ಒಣಗಿಸುವ ಮನೆ. ನನ್ನ ಕಾಲೇಜಿನ ಫೀಸು ಕಟ್ಟಿದ್ದು ಹೊಗೆಸೊಪ್ಪಿನ ಹರಾಜಿನ ದುಡ್ಡಲ್ಲೇ. ವಿಚಿತ್ರ ಅಂದರೆ ಆತ ಬೆಳೆದಿದ್ದು ಸಿಗರೇಟಿಗೆ ಹೋಗುವ ವರ್ಜೀನಿಯಾ. ಸೇದಿದ್ದು ಮಾತ್ರ ಬೀಡಿ. ಬ್ಯಾರನ್ ಮುಂದೆ ರಾತ್ರಿಯಿಡೀ ಸೌದೆ ಒಟ್ಟುತ್ತಾ, ಆ ಬೆಂಕಿಯಲ್ಲೇ ಬೀಡಿ ಹೊತ್ತಿಸುತ್ತಿದ್ದ. 'ಸಿಗರೇಟು ಸೇದೋರಿಗೆ ಬೆಳೀತೀನಿ ಕಣ್ಲಾ, ನಂಗ್ಯಾಕೆ ಆ ಶೋಕಿ' ಅನ್ನುತ್ತಿದ್ದ.

ವಾರ್ಡಿನಲ್ಲಿ ಕೂತಾಗ ಇನ್ನೊಂದು ಲೆಕ್ಕ ಬಂತು. ನಾನು ಕೊಟ್ಟ ಇಪ್ಪತ್ತೆರಡರಲ್ಲಿ ತೆರಿಗೆಯ ಪಾಲು ಎಲ್ಲಿಗೆ ಹೋಯಿತು? ಈ ಮಂಚಕ್ಕೆ ಬಂತಾ? ಫಿಲಿಪ್ಪೀನ್ಸ್‌ನಲ್ಲಿ 2012ರಲ್ಲಿ ತಂಬಾಕು ಮತ್ತು ಮದ್ಯದ ತೆರಿಗೆ ಏರಿಸಿದಾಗ ಹೆಚ್ಚಿಗೆ ಬಂದ ದುಡ್ಡಿನ ಬಹುಪಾಲು ಬಡವರ ಆರೋಗ್ಯ ವಿಮೆಗೆ ಎಂದು ಕಾನೂನಿನಲ್ಲೇ ಬರೆದರು. ನಮ್ಮಲ್ಲಿ ಪಾನ್ ಮಸಾಲಾಕ್ಕೆ ಒಂದು ಸೆಸ್ ಬಂದಿದೆ, ಹೆಸರೇ 'ಹೆಲ್ತ್ ಸೆಕ್ಯುರಿಟಿ ಸೇ ನ್ಯಾಷನಲ್ ಸೆಕ್ಯುರಿಟಿ ಸೆಸ್'. ಒಂದೇ ಹೆಸರಲ್ಲಿ ಆಸ್ಪತ್ರೆಯೂ ಇದೆ, ಗಡಿಯೂ ಇದೆ. ಸಿಗರೇಟಿನ ಸುಂಕಕ್ಕೆ ಅಂಥ ಹೆಸರೂ ಇಲ್ಲ. ಕೇಂದ್ರದ ದೊಡ್ಡ ಹುಂಡಿಗೆ ಬೀಳುತ್ತದೆ, ಅದರಲ್ಲಿ ಶೇ 41 ರಾಜ್ಯಗಳಿಗೆ ಹಂಚಿಕೆ. ಆಮೇಲೆ ಅದು ರಸ್ತೆಯೂ ಆಗಬಹುದು, ಸಂಬಳವೂ ಆಗಬಹುದು. ಬಿಪಿಎಲ್ ಕಾರ್ಡಿನವರಿಗೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆಯ ಯೋಜನೆ ಇದೆ, ಇಲ್ಲ ಅನ್ನುವುದಿಲ್ಲ. ನಮ್ಮದು ಎಪಿಎಲ್. ಬಿಲ್ ಕೌಂಟರಿನ ಸಾಲಿನಲ್ಲಿ ನಿಂತಾಗ, ಇಷ್ಟು ವರ್ಷ ನಾನು ಸುಟ್ಟ ತೆರಿಗೆಯ ರಸೀದಿ ತೋರಿಸಿದರೆ ಏನಾದರೂ ಕಡಿಮೆ ಮಾಡುತ್ತಾರಾ ಅನ್ನಿಸಿ ನಗು ಬಂತು.

ಗುರುವಾರ ಸಂಜೆ ದೊಡ್ಡಪ್ಪನಿಗೆ ಸ್ವಲ್ಪ ಹುಷಾರಾಗಿತ್ತು. ಮೂಗಿಗೆ ಆಕ್ಸಿಜನ್ ಕೊಳವೆ ಇತ್ತು. ದೊಡ್ಡಮ್ಮ ಫ್ಲಾಸ್ಕ್ ತೊಳೆಯಲು ಹೋಗಿದ್ದೇ ತಡ, ಕೈ ಸನ್ನೆ ಮಾಡಿ ಹತ್ತಿರ ಕರೆದ.

'ಎಲ್ಲಾ ರೇಟ್ ಜಾಸ್ತಿ ಆಯ್ತಂತೆ? ಕಟ್ಟು ಎಷ್ಟ್ಲಾ ಈಗ?'

ಆ ಹುಡುಗನ ಮಡಿಸಿದ ನೋಟು ನೆನಪಾಯಿತು. 'ನೂರು ರೂಪಾಯಿ ದೊಡ್ಡಪ್ಪ' ಅಂದೆ.

'ನೂರಾ?' ಕಣ್ಣು ದೊಡ್ಡದಾಯಿತು. ಎರಡು ಉಸಿರು ಎಳೆದುಕೊಂಡ. 'ಥೂ, ಹಾಳಾಗೋಗ್ಲಿ. ಯಾವನ್ ಸೇದ್ತಾನೆ ಹಂಗಾದ್ರೆ' ಎಂದು ಗೋಡೆ ಕಡೆ ಹೊರಳಿಕೊಂಡ.

ದೊಡ್ಡಮ್ಮ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದಳು. ಊರಿನ ಅಂಗಡಿಯಿಂದ ಕಟ್ಟು ತರುತ್ತಿದ್ದವಳು ಅವಳೇ, ರೇಟು ಗೊತ್ತಿಲ್ಲದೆ ಇರುತ್ತಾ? ಒಂದು ಮಾತೂ ಆಡಲಿಲ್ಲ. ಫ್ಲಾಸ್ಕಿನಿಂದ ನನಗೊಂದು ಲೋಟ ಕಾಫಿ ಬಗ್ಗಿಸಿ ಕೊಟ್ಟಳು.