ಮೊದಲ ಡ್ರೋನ್ ಯಾವುದು ತಗೊಳ್ಳಲಿ? ಮೊದಲು ರಿಮೋಟ್ ತಗೊಳ್ಳಿ

ಬೆಳಿಗ್ಗೆ ಮೈದಾನದಲ್ಲಿ ಡ್ರೋನ್ ಹಾರಿಸಿ ಇಳಿಸುವಷ್ಟರಲ್ಲಿ ಯಾರಾದರೂ ಪಕ್ಕದಲ್ಲಿ ಬಂದು ನಿಂತಿರುತ್ತಾರೆ. ವಾಕಿಂಗ್ ಬಂದವರು, ಕ್ರಿಕೆಟ್ ಆಡುವ ಹುಡುಗರು, ಮಗಳ ಕೈ ಹಿಡಿದ ಅಪ್ಪ. ಪ್ರಶ್ನೆ ಮಾತ್ರ ಒಂದೇ: "ನಾನೂ ಕಲಿಯಬೇಕು, ಮೊದಲ ಡ್ರೋನ್ ಯಾವುದು ತಗೊಳ್ಳಲಿ?"

ಡ್ರೋನ್ ಆಮೇಲೆ, ಮೊದಲು ರಿಮೋಟ್ ತಗೊಳ್ಳಿ ಅನ್ನುತ್ತೇನೆ. ಕೇಳಿದವರ ಮುಖ ಸಪ್ಪಗಾಗುತ್ತದೆ. ಆದರೂ ಇದನ್ನೇ ಹೇಳುತ್ತೇನೆ, ಯಾಕೆ ಅಂತಲೂ ಹೇಳುತ್ತೇನೆ.

ಮದುವೆ ಮನೆಯಲ್ಲಿ ನೋಡುವ ಕ್ಯಾಮೆರಾ ಡ್ರೋನ್‌ಗೆ ಜಿಪಿಎಸ್ ಇರುತ್ತದೆ. ಕೈ ಬಿಟ್ಟರೂ ನಿಂತಲ್ಲೇ ನಿಲ್ಲುತ್ತದೆ. ಫೋಟೋ ತೆಗೆಯಲು ಅದು ಚೆನ್ನ. ಆದರೆ ಹವ್ಯಾಸಕ್ಕೆ ಹಾರಿಸುವ, ನಾಲ್ಕು ತಿರುಗುವ ರೆಕ್ಕೆಗಳ ಸಣ್ಣ ಡ್ರೋನ್‌ಗಳಿಗೆ ಸಾಮಾನ್ಯವಾಗಿ ಜಿಪಿಎಸ್ ಇರುವುದಿಲ್ಲ. ಗಾಳಿ ತಳ್ಳಿದ ಕಡೆ ಜಾರುತ್ತದೆ. ಅದನ್ನು ಹಿಡಿದಿಡುವುದು ನಿಮ್ಮ ಎರಡು ಹೆಬ್ಬೆರಳು. ಆ ಬೆರಳುಗಳಿಗೆ ಕಲಿಸಲು ಡ್ರೋನೇ ಬೇಕಾಗಿಲ್ಲ. ಒಳ್ಳೆಯ ರಿಮೋಟನ್ನು ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರ್‌ಗೆ ಜೋಡಿಸಿ, ಲಿಫ್ಟಾಫ್, ವೆಲೊಸಿಡ್ರೋನ್‌ನಂಥ ಸಿಮ್ಯುಲೇಟರ್, ಅಂದರೆ ಪರದೆಯ ಮೇಲೆ ಡ್ರೋನ್ ಹಾರಿಸುವ ಆಟ, ಹಾಕಿಕೊಂಡರೆ ಸಾಕು. ಅಲ್ಲಿ ನೂರು ಸಲ ಬಿದ್ದರೂ ಒಂದು ರೂಪಾಯಿ ಖರ್ಚಿಲ್ಲ. ರಿಮೋಟ್ ಆರಿಸುವಾಗ 2.4 ಗಿಗಾಹರ್ಟ್ಸ್ ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಇರುವುದನ್ನೇ ನೋಡಿ. ರಿಮೋಟ್ ಮತ್ತು ಡ್ರೋನ್ ರೇಡಿಯೋದಲ್ಲಿ ಮಾತಾಡಿಕೊಳ್ಳುವ ಒಂದು ಪದ್ಧತಿ ಅದು. ಮುಂದೆ ಅದೇ ಪದ್ಧತಿಯ ಎಷ್ಟು ಡ್ರೋನ್ ಬದಲಾಯಿಸಿದರೂ ಅದೇ ರಿಮೋಟ್ ನಡೆಯುತ್ತದೆ. ಆಟಿಕೆ ಡ್ರೋನ್ ಜೊತೆ ಬರುವ ರಿಮೋಟ್ ಹಾಗಲ್ಲ. ಡ್ರೋನ್ ಕೆಟ್ಟ ದಿನ ಅದೂ ಮೂಲೆ ಸೇರುತ್ತದೆ.

ರಿಮೋಟ್‌ನಲ್ಲಿ ಎರಡು ಪುಟ್ಟ ಕೋಲು ಇರುತ್ತವೆ. ಎಡಗೈ ಕೋಲು ಎತ್ತರಕ್ಕೆ ಮತ್ತು ಮೂತಿ ತಿರುಗಿಸಲು. ಬಲಗೈಯದು ಹಿಂದೆ ಮುಂದೆ, ಅಕ್ಕಪಕ್ಕ ಹೋಗಲು. ಡ್ರೋನಿನ ಬಾಲ ನಿಮ್ಮ ಕಡೆ ಇರುವಾಗ ಎಲ್ಲ ಸಲೀಸು. ಮೂತಿ ನಿಮ್ಮ ಕಡೆ ತಿರುಗಿತೋ, ಎಡಬಲ ಅದಲು ಬದಲು. ಹೆಚ್ಚಿನವರು ಬೀಳಿಸುವುದು ಇಲ್ಲೇ. ನಾನೂ ಇಲ್ಲೇ ಬೀಳಿಸಿದ್ದೆ. ಬಲಕ್ಕೆ ಜಾರುತ್ತಿದ್ದುದನ್ನು ತಡೆಯಲು ಕೋಲನ್ನು ಎಡಕ್ಕೆ ಎಳೆದೆ. ಅದು ಇನ್ನೂ ಜೋರಾಗಿ ಬಲಕ್ಕೆ ಹೋಗಿ ತಂತಿಬೇಲಿಗೆ ಬಡಿಯಿತು. ಆಮೇಲೆ ಹಿರಿಯರೊಬ್ಬರು ಒಂದು ಉಪಾಯ ಹೇಳಿಕೊಟ್ಟರು. ಮೂತಿ ನಿಮ್ಮ ಕಡೆ ಇದ್ದಾಗ, ಡ್ರೋನ್ ಯಾವ ಕಡೆ ವಾಲುತ್ತಿದೆಯೋ ಆ ಕಡೆಗೇ ಕೋಲು ತಳ್ಳಿ. ವಾಲಿದ ಬಾಳೆಗಿಡಕ್ಕೆ ಊರುಗೋಲು ಕೊಡುವ ಹಾಗೆ. ಇದು ಬೆರಳಿಗೆ ಇಳಿಯುವ ತನಕ ಸಿಮ್ಯುಲೇಟರ್ ಬಿಡಬೇಡಿ. ದಿನಕ್ಕೆ ಅರ್ಧ ಗಂಟೆಯಂತೆ ಎರಡು ಮೂರು ವಾರ ಬೇಕಾಗಬಹುದು.

ಈಗ ಡ್ರೋನ್. 65 ಮಿಲಿಮೀಟರ್‌ನ ಟೈನಿ ವೂಪ್ ಅನ್ನುವ ಪುಟಾಣಿ ಡ್ರೋನ್‌ನಿಂದ ಶುರು ಮಾಡಿ. ಅಂಗೈಯಲ್ಲಿ ಕೂರುತ್ತದೆ, ರೆಕ್ಕೆಗಳ ಸುತ್ತ ಪ್ಲಾಸ್ಟಿಕ್ ಬಳೆ ಇರುತ್ತದೆ. ಗೋಡೆಗೆ ಬಡಿದರೂ ಪುಟಿದು ಮತ್ತೆ ಹಾರುತ್ತದೆ. ಮಳೆಗಾಲದಲ್ಲಿ ನಡುಮನೆಯಲ್ಲೇ ಕುರ್ಚಿ ಕಾಲಿನ ಸಂದಿಯಲ್ಲಿ ನುಗ್ಗಿಸಬಹುದು! ರೆಕ್ಕೆ ಬದಲಿಸುವಾಗ ಒಂದು ನೆನಪಿರಲಿ: ಎದುರುಬದುರು ಮೂಲೆಯ ಎರಡು ಒಂದೇ ದಿಕ್ಕಿಗೆ ತಿರುಗುತ್ತವೆ, ಉಳಿದೆರಡು ಅದರ ವಿರುದ್ಧ. ತಪ್ಪಿ ಹಾಕಿದರೆ ಏಳುವ ಮೊದಲೇ ಮಗುಚಿಕೊಳ್ಳುತ್ತದೆ.

ಒಂದು ಬ್ಯಾಟರಿಗೆ ಮೂರು ನಾಲ್ಕು ನಿಮಿಷ ಅಷ್ಟೇ. ಹಾಗಾಗಿ ನಾಲ್ಕೈದು ಇಟ್ಟುಕೊಳ್ಳಿ. ಇದರಲ್ಲಿರುವ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ವಿಷಯದಲ್ಲಿ ಮಾತ್ರ ದಯವಿಟ್ಟು ಸಡಿಲ ಬಿಡಬೇಡಿ. ಪೂರ್ತಿ ಚಾರ್ಜ್ ಅಂದರೆ ಒಂದು ಸೆಲ್‌ಗೆ 4.2 ವೋಲ್ಟ್. ಹಾರಿಸದೆ ಇಡುವುದಾದರೆ 3.8ರ ಆಸುಪಾಸು. ಪೂರಿಯಂತೆ ಉಬ್ಬಿದ್ದನ್ನು ಮತ್ತೆ ಚಾರ್ಜ್‌ಗೆ ಹಾಕಲೇಬಾರದು, ಬೆಂಕಿ ಹತ್ತಬಹುದು. ಚಾರ್ಜ್‌ಗೆ ಹಾಕಿ ಮಲಗುವುದೂ ಬೇಡ.

"ಲೈಸೆನ್ಸ್ ಬೇಕಲ್ವಾ?" ಅಂತಲೂ ಕೇಳುತ್ತಾರೆ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೋ ವರ್ಗ. ಅದಕ್ಕೆ ಪೈಲಟ್ ಸರ್ಟಿಫಿಕೇಟ್ ಬೇಡ. ಆದರೆ ಎಲ್ಲಿ ಬೇಕಾದರಲ್ಲಿ ಹಾರಿಸಬಹುದು ಅಂತಲ್ಲ. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದಲ್ಲಿರುವ ನಕ್ಷೆ ನೋಡಿ. ಹಸಿರು ಜಾಗದಲ್ಲಿ 400 ಅಡಿಯವರೆಗೆ, ವಿಮಾನ ನಿಲ್ದಾಣದಿಂದ 8ರಿಂದ 12 ಕಿಲೋಮೀಟರ್ ಒಳಗಾದರೆ 200 ಅಡಿಯವರೆಗೆ, ಅನುಮತಿ ಕೇಳಬೇಕಿಲ್ಲ. ಹಳದಿ, ಕೆಂಪು ಇದ್ದರೆ ಅನುಮತಿ ಬೇಕೇ ಬೇಕು. ಬೆಂಗಳೂರಿನವರು ಇದನ್ನು ಜಾಸ್ತಿ ಗಮನಿಸಬೇಕು. ಯಲಹಂಕ, ಜಕ್ಕೂರು, ಎಚ್‌ಎಎಲ್, ಹೀಗೆ ಊರ ತುಂಬ ವಿಮಾನ ಇಳಿಯುವ ಜಾಗಗಳಿವೆ. ಇನ್ನು, ಹೊರದೇಶದಿಂದ ಸಿದ್ಧ ಡ್ರೋನ್ ತರಿಸುವ ಯೋಚನೆ ಬಿಡಿ. 2022ರ ಫೆಬ್ರುವರಿಯಲ್ಲಿ ಅದಕ್ಕೆ ನಿಷೇಧ ಬಂತು. ಬಿಡಿಭಾಗಗಳಿಗೆ ನಿಷೇಧ ಇಲ್ಲ. ಒಂದು ಸೋಲ್ಡರಿಂಗ್ ಐರನ್ ಕೊಂಡು ಜೋಡಿಸಲು ಕಲಿಯಿರಿ. ಕೆಟ್ಟಾಗ ರಿಪೇರಿಯೂ ನಿಮ್ಮ ಕೈಯಲ್ಲೇ ಆಗುತ್ತದೆ.

ಹೊರಗೆ ಹಾರಿಸಲು ನನಗೆ ಇಷ್ಟದ ಜಾಗ ಕೊಯ್ಲಾದ ರಾಗಿ ಹೊಲ. ಬಿದ್ದರೆ ಕೂಳೆ ಮೆತ್ತಗೆ ಹಿಡಿದುಕೊಳ್ಳುತ್ತದೆ, ಹತ್ತಿರ ಜನರೂ ಇರುವುದಿಲ್ಲ. ಸುಗ್ಗಿ ಮುಗಿಯುವವರೆಗೆ ನಾನು ಮೈದಾನದಲ್ಲೇ ಇರುತ್ತೇನೆ. ಬನ್ನಿ, ನನ್ನ ರಿಮೋಟ್ ಹಿಡಿದು ನೋಡಿ. ಏಳು ಗಂಟೆಗೇ ಬಂದರೆ ಒಳ್ಳೆಯದು, ಆಗ ಗಾಳಿ ಇರುವುದಿಲ್ಲ. ಬಿಸಿಲೇರಿದ ಮೇಲೆ ಹದ್ದುಗಳು ಮೇಲೇಳುತ್ತವೆ. ಅವು ಸುತ್ತತೊಡಗಿದರೆ ನಾನು ಡ್ರೋನ್ ಇಳಿಸಿ ಚೀಲಕ್ಕೆ ಹಾಕಿಬಿಡುತ್ತೇನೆ. ಆಕಾಶ ಮೊದಲು ಅವುಗಳದ್ದು.