ಎಂಪಿ ಕಚೇರಿಯ ಕೆಲಸ: ಯಾರನ್ನು ಕೇಳಬೇಕು ಅಂತ ಕಂಡುಹಿಡಿಯುವುದು

ನಾನು ದೆಹಲಿಯಲ್ಲಿ ನಮ್ಮ ಕಡೆಯ ಒಬ್ಬ ಲೋಕಸಭಾ ಸದಸ್ಯರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಊರಿನವರ ಲೆಕ್ಕದಲ್ಲಿ ನಾನು 'ಎಂಪಿ ಪಿಎ'. ಫೋನ್ ಬಂದರೆ ಹೆಚ್ಚಾಗಿ ರೈಲಿನ ಎಮರ್ಜೆನ್ಸಿ ಕೋಟಾಕ್ಕೆ. ಅದೂ ಕೆಲಸವೇ ಬಿಡಿ, ಬೇಡ ಅನ್ನೋಕಾಗಲ್ಲ. ಆದರೆ ಅಧಿವೇಶನ ಶುರುವಾದರೆ ನನ್ನ ದಿನ ಪೂರ್ತಿ ಬೇರೆ ಥರ. ಪ್ರಶ್ನೆ ಬರೆಯಬೇಕು, ಮಸೂದೆ ಓದಿ ಟಿಪ್ಪಣಿ ಮಾಡಬೇಕು, ಸಮಿತಿ ಸಭೆಗೆ ಬಂದ ಕಟ್ಟುಗಟ್ಟಲೆ ಕಾಗದದಲ್ಲಿ ಸರ್ ಓದಲೇಬೇಕಾದ ನಾಲ್ಕು ಪುಟ ಹುಡುಕಿ ಕೊಡಬೇಕು.

ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು ಒಂದೇ ಮಾತು. ಸಂಸತ್ತು ಯಾವ ಕೆಲಸವನ್ನೂ ಮಾಡುವುದಿಲ್ಲ. ಕೆಲಸ ಮಾಡುವವರಿಂದ ಉತ್ತರ ಕೇಳುತ್ತದೆ. ರಸ್ತೆ ಹಾಕುವುದು, ಹಣ ಬಿಡುಗಡೆ ಮಾಡುವುದು, ಆಮದು ನಿಲ್ಲಿಸುವುದು ಎಲ್ಲ ಸರ್ಕಾರದ ಕೈಯಲ್ಲಿದೆ. ಸಂವಿಧಾನದ 75ನೇ ವಿಧಿಯ ಪ್ರಕಾರ ಮಂತ್ರಿಮಂಡಲ ಒಟ್ಟಾಗಿ ಲೋಕಸಭೆಗೆ ಉತ್ತರ ಕೊಡಬೇಕು, ಅಷ್ಟೇ. ಸಂಸದರ ನಿಧಿಯನ್ನೇ ನೋಡಿ. ವರ್ಷಕ್ಕೆ 5 ಕೋಟಿ ಅಂತ ಎಲ್ಲರಿಗೂ ಗೊತ್ತು. ಆದರೆ ಅದರಲ್ಲಿ ಕೂಡ ಸಂಸದರು ಶಿಫಾರಸು ಮಾಡಬಹುದು, ಮಂಜೂರು ಮಾಡುವುದು ಜಿಲ್ಲಾಡಳಿತ. ಬಸ್ ತಂಗುದಾಣದ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆಸಿದ್ದು ನೋಡಿ ಎಂಪಿಯೇ ಕಟ್ಟಿಸಿದರು ಅಂದುಕೊಳ್ಳುತ್ತೇವೆ, ಅಲ್ವಾ?

ಹಾಗಾಗಿ ಒಂದು ಮನವಿ ಪತ್ರ ಬಂದರೆ ಮೊದಲು ನೋಡಬೇಕಾದ್ದು, ಇದಕ್ಕೆ ಉತ್ತರ ಕೊಡಬೇಕಾದವರು ಯಾರು ಅಂತ. ಸುಲಭ ಅನ್ನಿಸಬಹುದು. ಒಂದು ಅಡಿಕೆ ಪತ್ರ ಹಿಡಿದು ನೋಡೋಣ.

ನಮ್ಮ ಮಲೆನಾಡು, ಕರಾವಳಿ ಕಡೆಯಿಂದ ಬರುವ ಅಡಿಕೆ ಬೆಳೆಗಾರರ ಪತ್ರ ಸಾಮಾನ್ಯವಾಗಿ ಒಂದೇ ಹಾಳೆಯಲ್ಲಿ ಇರುತ್ತದೆ. ಹೊರದೇಶದ ಅಡಿಕೆ ಬಂದು ಬೆಲೆ ಬಿದ್ದಿದೆ, ಕಳ್ಳ ಸಾಗಣೆ ಜಾಸ್ತಿಯಾಗಿದೆ, ಹಳದಿ ಎಲೆ ರೋಗಕ್ಕೆ ಔಷಧಿ ಇಲ್ಲ, ಸೊಸೈಟಿ ಸಾಲ ಮನ್ನಾ ಮಾಡಿ, ಮಳೆಗೆ ಕೊಳೆ ಬಂದು ಹೋದ ಬೆಳೆಗೆ ಪರಿಹಾರ ಕೊಡಿ. ಬರೆದವರಿಗೆ ಇದೆಲ್ಲ ಒಂದೇ ಕಷ್ಟ. ದೆಹಲಿಯಲ್ಲಿ ಅದು ಐದು ಬಾಗಿಲು. ಆಮದು ಬೆಲೆ ವಾಣಿಜ್ಯ ಸಚಿವಾಲಯದ್ದು. ಕಳ್ಳ ಸಾಗಣೆ ಹಿಡಿಯುವ ಕಸ್ಟಮ್ಸ್ ಹಣಕಾಸು ಸಚಿವಾಲಯದ್ದು. ರೋಗದ ಸಂಶೋಧನೆ ಕೃಷಿ ಸಚಿವಾಲಯದ ಕೆಳಗೆ ಬರುವ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯದ್ದು, ಅದರ ಪ್ರಾದೇಶಿಕ ಕೇಂದ್ರ ವಿಟ್ಲದಲ್ಲಿದೆ. ಬೆಳೆ ಪರಿಹಾರ ಹಂಚುವುದು ರಾಜ್ಯದ ಕಂದಾಯ ಇಲಾಖೆ. ಸೊಸೈಟಿ ವಿಷಯ ಇನ್ನೂ ಜಟಿಲ, ಅದಕ್ಕೆ ಆಮೇಲೆ ಬರುತ್ತೇನೆ. ಪ್ರತಿ ಸಚಿವಾಲಯಕ್ಕೂ ಸದನದಲ್ಲಿ ಉತ್ತರ ಕೊಡಲು ವಾರದಲ್ಲಿ ಒಂದು ನಿಗದಿತ ದಿನ ಇರುತ್ತದೆ. ವಾಣಿಜ್ಯದವರ ದಿನ ಕೃಷಿಯ ಪ್ರಶ್ನೆ ಹಾಕಿದರೆ ಅದು ಎಲ್ಲಿಗೂ ಹೋಗುವುದಿಲ್ಲ.

ಇನ್ನು ಪ್ರಶ್ನೆ ಬರೆಯುವುದು. ಕನಿಷ್ಠ 15 ಪೂರ್ಣ ದಿನ ಮುಂಚೆ ನೋಟಿಸ್ ಕೊಡಬೇಕು. ಒಬ್ಬ ಸದಸ್ಯರು ಒಂದು ದಿನಕ್ಕೆ ಐದು ಪ್ರಶ್ನೆ ಕೊಡಬಹುದು. ಯಾವುದು ಮೇಲೆ ಬರುತ್ತದೆ ಅನ್ನುವುದು ಲಾಟರಿ, ಅಕ್ಷರಶಃ ಚೀಟಿ ಎತ್ತಿದ ಹಾಗೆ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ಗುರುತಿಲ್ಲದ ಪ್ರಶ್ನೆ. ಚುಕ್ಕೆ ಇದ್ದದ್ದಕ್ಕೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು, ಮೇಲೆ ಉಪಪ್ರಶ್ನೆ ಕೇಳಬಹುದು. ಆದರೆ ಆ ಒಂದು ಗಂಟೆಯಲ್ಲಿ ಐದಾರು ಪ್ರಶ್ನೆ ಮುಗಿದರೆ ಪುಣ್ಯ. ಗಲಾಟೆ ಇದ್ದರೆ ಅದೂ ಇಲ್ಲ.

ಎಲ್ಲರಿಗೂ ಚುಕ್ಕೆ ಪ್ರಶ್ನೆಯೇ ಬೇಕು, ಟೀವಿಯಲ್ಲಿ ಬರುತ್ತದಲ್ಲ. ನನ್ನ ಕೇಳಿದರೆ ಚುಕ್ಕೆ ಇಲ್ಲದ್ದರಲ್ಲೇ ಸತ್ವ ಜಾಸ್ತಿ. ಲಿಖಿತ ಉತ್ತರ, ಅಂಕಿ ಅಂಶದ ಕೋಷ್ಟಕ ಸಮೇತ, ಮಂತ್ರಿಯ ಹೆಸರಲ್ಲಿ ಬರುತ್ತದೆ. ಸದನದಲ್ಲಿ ಗದ್ದಲ ಆದರೂ ಅದು ನಿಲ್ಲುವುದಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಕೋವಿಡ್ ಕಾರಣಕ್ಕೆ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟಾಗಲೂ ಲಿಖಿತ ಉತ್ತರಗಳು ಬರುತ್ತಲೇ ಇದ್ದವು.

'ಅಡಿಕೆ ಬೆಳೆಗಾರರು ಬೀದಿಗೆ ಬಿದ್ದಿದ್ದರೂ ಸರ್ಕಾರ ಕಣ್ಣು ಮುಚ್ಚಿ ಕುಳಿತಿರುವುದೇಕೆ?' ಅಂತ ಬರೆದರೆ ಆ ಪ್ರಶ್ನೆ ಬಿದ್ದುಹೋಗುತ್ತದೆ. ವಾದ, ಆರೋಪ, ಅಭಿಪ್ರಾಯ ಯಾವುದೂ ಇರಬಾರದು ಅಂತ ನಿಯಮ. 150 ಪದ ದಾಟಬಾರದು. ಅದನ್ನೇ ಹೀಗೆ ಬರೆಯಬೇಕು: ಕಳೆದ ಮೂರು ವರ್ಷಗಳಲ್ಲಿ ಯಾವ ದೇಶದಿಂದ, ಯಾವ ಬಂದರಿಗೆ, ಎಷ್ಟು ಅಡಿಕೆ, ಯಾವ ಬೆಲೆಗೆ ಬಂದಿದೆ? ಕನಿಷ್ಠ ಆಮದು ಬೆಲೆಗಿಂತ ಕಡಿಮೆಗೆ ತಂದ ಪ್ರಕರಣ ಎಷ್ಟು ಪತ್ತೆಯಾಗಿವೆ? ಕ್ರಮ ತೆಗೆದುಕೊಳ್ಳಲಾಗಿದೆಯೇ, ಹೌದಾದರೆ ವಿವರ, ಇಲ್ಲವಾದರೆ ಕಾರಣ? ಆ ಕೊನೆಯ ತುಂಡು, 'ಇಲ್ಲವಾದರೆ ಕಾರಣ', ಯಾವತ್ತೂ ಬಿಡಬಾರದು. ಅದಿಲ್ಲದಿದ್ದರೆ 'ಇಲ್ಲ' ಅಂತ ಒಂದೇ ಪದದಲ್ಲಿ ಮುಗಿಸಿಬಿಡುತ್ತಾರೆ.

ಉತ್ತರ ಓದುವುದೂ ಒಂದು ವಿದ್ಯೆ. 'ಮಾಹಿತಿ ಸಂಗ್ರಹಿಸಲಾಗುತ್ತಿದ್ದು ಸದನದಲ್ಲಿ ಮಂಡಿಸಲಾಗುವುದು' ಅಂತ ಬಂದರೆ ಹೊಸಬರು ಬೇಜಾರು ಮಾಡಿಕೊಳ್ಳುತ್ತಾರೆ. ನಾನು ಅದನ್ನು ಬೇರೆ ಫೈಲಿಗೆ ಹಾಕುತ್ತೇನೆ. ಯಾಕೆಂದರೆ ಆ ಸಾಲು ಲೆಕ್ಕಕ್ಕೆ ಬರುವುದು ಭರವಸೆಯಾಗಿ. ಮೂರು ತಿಂಗಳೊಳಗೆ ಈಡೇರಿಸಬೇಕು. ಈಡೇರಿಸದಿದ್ದರೆ ಸರ್ಕಾರಿ ಭರವಸೆಗಳ ಸಮಿತಿ ಅಧಿಕಾರಿಗಳನ್ನು ಕರೆಸಿ ಕೇಳುತ್ತದೆ. 1953ರಿಂದ ಇರುವ ಸಮಿತಿ ಇದು, ಹೆಸರು ಕೇಳಿದವರು ಕಡಿಮೆ. ನುಣುಚಿಕೊಳ್ಳುವ ಉತ್ತರ ಎಷ್ಟೋ ಸಲ ನೇರ ಉತ್ತರಕ್ಕಿಂತ ಉಪಯೋಗಕ್ಕೆ ಬರುತ್ತದೆ.

ಉಪಯೋಗಕ್ಕೆ ಬಾರದ ಉತ್ತರ ಅಂದರೆ, 'ಕೃಷಿ ರಾಜ್ಯದ ವಿಷಯವಾಗಿದ್ದು' ಅಂತ ಶುರುವಾಗುವುದು. ಕೇಂದ್ರಕ್ಕೆ ಯಾವುದು, ರಾಜ್ಯಕ್ಕೆ ಯಾವುದು ಅಂತ ಪಟ್ಟಿ ಮಾಡುವ ಸಂವಿಧಾನದ ಏಳನೇ ಅನುಸೂಚಿಯ ಹಿಂದೆ ಅಡಗಿ ಕೂರುವ ಹಳೇ ಚಾಳಿ. ಕೃಷಿ ರಾಜ್ಯದ ವಿಷಯ ಹೌದು. ಆದರೆ ವಿದೇಶ ವ್ಯಾಪಾರ ಕೇಂದ್ರದ್ದು. ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರವರಿಯಲ್ಲಿ ಕೆಜಿಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದ್ದು ಕೇಂದ್ರ. ಅದಕ್ಕೂ ಮುಂಚೆ, 2022ರಲ್ಲಿ, ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಆ ಬೆಲೆಯ ಷರತ್ತಿಲ್ಲದೆ ತರಬಹುದು ಅಂದಿದ್ದೂ ಕೇಂದ್ರವೇ. ಎರಡೂ ಅಧಿಸೂಚನೆಗಳು. ಯಾವುದೂ ಸಂಸತ್ತಿನಲ್ಲಿ ಮತಕ್ಕೆ ಬರಲಿಲ್ಲ. 1992ರಲ್ಲಿ ಸಂಸತ್ತು ಮಾಡಿದ ವಿದೇಶ ವ್ಯಾಪಾರ ಕಾಯ್ದೆ ಆ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ರೈತನ ಜೇಬಿಗೆ ತಾಗುವ ಎಷ್ಟೋ ತೀರ್ಮಾನಗಳು ಹೀಗೇ ಆಗುತ್ತವೆ. ಕಾಯ್ದೆಯಲ್ಲಿ ಒಂದು ಸಾಲು, ಆಮೇಲೆ ಹತ್ತಾರು ವರ್ಷ ಅಧಿಸೂಚನೆಗಳು. ಅದಕ್ಕೇ ಮಸೂದೆ ಓದುವಾಗ ನಾನು ಮೊದಲು ಹುಡುಕುವುದು, 'ಕೇಂದ್ರ ಸರ್ಕಾರವು ಅಧಿಸೂಚನೆಯ ಮೂಲಕ' ಅನ್ನುವ ಮಾತು ಎಲ್ಲೆಲ್ಲಿ ಇದೆ ಅಂತ.

ಈಗ ಸೊಸೈಟಿ. ಊರಿನ ಸಹಕಾರ ಸಂಘ ರಾಜ್ಯ ಪಟ್ಟಿಯಲ್ಲಿದೆ. ಕರ್ನಾಟಕ, ಕೇರಳ ಎರಡರಲ್ಲೂ ವ್ಯವಹಾರ ಇರುವ, ಅಡಿಕೆ ಕೊಳ್ಳುವ ಕ್ಯಾಂಪ್ಕೋ ಬಹುರಾಜ್ಯ ಸಹಕಾರ ಸಂಘ, ಅದು ಕೇಂದ್ರದ ಕಾಯ್ದೆಗೆ ಬರುತ್ತದೆ. ಒಬ್ಬನೇ ಬೆಳೆಗಾರ ಎರಡರಲ್ಲೂ ಸದಸ್ಯ! 2011ರಲ್ಲಿ ಸಂಸತ್ತು 97ನೇ ತಿದ್ದುಪಡಿ ತಂದು ದೇಶದ ಎಲ್ಲ ಸಹಕಾರ ಸಂಘಗಳಿಗೂ ಚುನಾವಣೆ, ಲೆಕ್ಕ ಪರಿಶೋಧನೆಗಳ ಒಂದೇ ಚೌಕಟ್ಟು ಹಾಕಿತು. ಉದ್ದೇಶ ಚೆನ್ನಾಗಿಯೇ ಇತ್ತು. ಆದರೆ ರಾಜ್ಯದ ಅಧಿಕಾರಕ್ಕೆ ಕೈ ಹಾಕುವ ತಿದ್ದುಪಡಿಗೆ ಕನಿಷ್ಠ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳ ಒಪ್ಪಿಗೆ ಬೇಕು ಅಂತ 368ನೇ ವಿಧಿ ಹೇಳುತ್ತದೆ. ಅದನ್ನು ಪಡೆಯಲೇ ಇಲ್ಲ. 2021ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ರಾಜ್ಯದೊಳಗಿನ ಸಂಘಗಳ ಮಟ್ಟಿಗೆ ಆ ಭಾಗವನ್ನು ಕಿತ್ತುಹಾಕಿತು. ಬಹುರಾಜ್ಯ ಸಂಘಗಳಿಗೆ ಮಾತ್ರ ಉಳಿಯಿತು. ದೆಹಲಿಯಲ್ಲಿ ಬಹುಮತ ಇದ್ದರೆ ಏನು ಬೇಕಾದರೂ ಮಾಡಬಹುದು ಅನ್ನುವವರಿಗೆ ನಾನು ಈ ಕತೆ ಹೇಳುತ್ತೇನೆ.

ಸಂಸತ್ತಿನ ಕೈಗೆ ಮಿತಿ ಇದೆ ಅಂತ ದೇಶಕ್ಕೆ ಗೊತ್ತಾದ ದೊಡ್ಡ ಮೊಕದ್ದಮೆಯೂ ಆ ಅಡಿಕೆ ಸಂಶೋಧನಾ ಕೇಂದ್ರ ಇರುವ ಕಾಸರಗೋಡಿನ ಪಕ್ಕದ್ದೇ. ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳದ್ದು, 1973ರ ಏಪ್ರಿಲ್ ತೀರ್ಪು: ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಬದಲಿಸುವ ಹಾಗಿಲ್ಲ. ಆ ಪೀಠದಲ್ಲಿದ್ದ ಕಾರ್ಕಳ ಕಡೆಯ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರ ಹಿರಿತನ ಕಡೆಗಣಿಸಿ ಸರ್ಕಾರ ಮರುದಿನವೇ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಅಂತ ಘೋಷಿಸಿತು, ಅವರು ರಾಜೀನಾಮೆ ಕೊಟ್ಟರು. 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು, ಅದೇ ವರ್ಷ ಲೋಕಸಭೆಯ ಸ್ಪೀಕರ್ ಆದರು. ಸಂಸತ್ತಿನ ಗೆರೆ ಎಳೆದವರಲ್ಲಿ ಒಬ್ಬರು ಅದೇ ಸಂಸತ್ತಿನ ಕುರ್ಚಿಯಲ್ಲಿ ಕುಳಿತರು. ಕೆಲಸಕ್ಕೆ ನೇರ ಸಂಬಂಧವಿಲ್ಲದ ವಿಷಯ, ಆದರೆ ಹೇಳದೆ ಇರೋಕಾಗಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ ಇನ್ನೂ ವಿಚಿತ್ರ. ಸಂಸತ್ತು ಒಪ್ಪದೆ ಸರ್ಕಾರ ಖಜಾನೆಯಿಂದ ಒಂದು ರೂಪಾಯಿ ತೆಗೆಯುವ ಹಾಗಿಲ್ಲ. ಆದರೆ ಸದಸ್ಯರು 'ಅಡಿಕೆ ಸಂಶೋಧನೆಗೆ ಹತ್ತು ಕೋಟಿ ಜಾಸ್ತಿ ಇಡಿ' ಅಂತ ನಿರ್ಣಯ ತರುವ ಹಾಗೂ ಇಲ್ಲ. ಖರ್ಚಿನ ಪ್ರಸ್ತಾವ ಸರ್ಕಾರದಿಂದಲೇ ಬರಬೇಕು. ಸದಸ್ಯರ ಕೈಯಲ್ಲಿರುವುದು ಕಡಿತ ಮಾತ್ರ. ಹಾಗಾಗಿ ಅಡಿಕೆಗೆ ಹಣ ಸಾಲದು ಅಂತ ಚರ್ಚೆಗೆ ತರಬೇಕಾದರೆ, ಕೃಷಿ ಸಚಿವಾಲಯದ ಬೇಡಿಕೆಯಲ್ಲಿ, ಅಂದರೆ ಅದು ವರ್ಷದ ಖರ್ಚಿಗೆ ಕೇಳುವ ಹಣದಲ್ಲಿ, 100 ರೂಪಾಯಿ ಕಡಿತ ಮಾಡಿ ಅಂತ ಕಟ್ ಮೋಷನ್ ಬರೆಯಬೇಕು. ಜಾಸ್ತಿ ಕೇಳಲು ಕಡಿಮೆ ಮಾಡಿ ಅನ್ನುವುದು! ಅದು ಪಾಸಾದರೆ ಸರ್ಕಾರಕ್ಕೆ ಬಹುಮತವಿಲ್ಲ ಅಂತ ಅರ್ಥ, ಆದ್ದರಿಂದ ಪಾಸಾಗುವುದಿಲ್ಲ. ಆ ಚರ್ಚೆಗಾದರೂ ಸಮಯ ಸಿಗುತ್ತದಾ ಅಂದರೆ, ಬಹುತೇಕ ಸಚಿವಾಲಯಗಳ ಬೇಡಿಕೆ ಗಿಲೊಟಿನ್‌ಗೆ ಹೋಗುತ್ತವೆ, ಅಂದರೆ ಚರ್ಚೆಯಿಲ್ಲದೆ ಒಟ್ಟಿಗೇ ಮತಕ್ಕೆ. 2018ರಲ್ಲೂ 2023ರಲ್ಲೂ ಪೂರ್ತಿ ಬಜೆಟ್ಟಿಗೇ ಹಾಗಾಯಿತು. 2023ರದ್ದು ಸುಮಾರು 45 ಲಕ್ಷ ಕೋಟಿ ರೂಪಾಯಿಯ ಬಜೆಟ್. ರಾಜ್ಯಸಭೆಗಂತೂ ಬೇಡಿಕೆಗಳ ಮೇಲೆ ಮತ ಹಾಕುವ ಹಕ್ಕೇ ಇಲ್ಲ.

ಹಾಗಾದರೆ ನಿಜವಾದ ಪರಿಶೀಲನೆ ಎಲ್ಲಾಗುತ್ತದೆ? ಸಮಿತಿಗಳಲ್ಲಿ. ಸಚಿವಾಲಯಗಳಿಗೆ ಹೊಂದಿಕೊಂಡ 24 ಸ್ಥಾಯಿ ಸಮಿತಿಗಳಿವೆ. ಪ್ರತಿಯೊಂದರಲ್ಲಿ ಲೋಕಸಭೆಯ 21, ರಾಜ್ಯಸಭೆಯ 10 ಜನ. ಮಂತ್ರಿಗಳು ಸದಸ್ಯರಾಗುವಂತಿಲ್ಲ. ಕ್ಯಾಮೆರಾ ಇಲ್ಲ, ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ, ಅಂದರೆ ವಿಪ್ ಇಲ್ಲ. ಇಲಾಖೆ ಕಾರ್ಯದರ್ಶಿ ಎದುರಿಗೆ ಕೂತು ಉತ್ತರ ಕೊಡಬೇಕು. ಬೆಳಿಗ್ಗೆ ಸದನದಲ್ಲಿ ಒಬ್ಬರ ಮೇಲೊಬ್ಬರು ಕೂಗಾಡಿದ ಇಬ್ಬರು ಸದಸ್ಯರು ಮಧ್ಯಾಹ್ನ ಅಲ್ಲಿ ಒಂದೇ ದನಿಯಲ್ಲಿ ಅಧಿಕಾರಿಯನ್ನು ಹಿಡಿದು ಕೇಳುತ್ತಾರೆ. ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯ ವರದಿ ಪರಿಶೀಲಿಸುವ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಅಧ್ಯಕ್ಷತೆ 1967ರಿಂದ ವಿರೋಧ ಪಕ್ಷಕ್ಕೇ ಕೊಡುವ ಪದ್ಧತಿ. ಕಾನೂನಿನಲ್ಲಿಲ್ಲ, ಆದರೂ ನಡೆದುಕೊಂಡು ಬಂದಿದೆ.

ಸದನದೊಳಗೆ ಮತ ಹಾಕುವಾಗ ಸಂಸದರಿಗೆ ಆ ಸ್ವಾತಂತ್ರ್ಯ ಇಲ್ಲ. 1985ರಲ್ಲಿ ಪಕ್ಷಾಂತರ ನಿಷೇಧ ಬಂದ ಮೇಲೆ ವಿಪ್ ಮೀರಿದರೆ ಸದಸ್ಯತ್ವವೇ ಹೋಗಬಹುದು. ಆಯಾರಾಂ ಗಯಾರಾಂಗಳ ಕಾಟ ತಡೆಯಲು ತಂದ ಕಾನೂನು ಅದು, ಆಗ ಬೇಕಿತ್ತು. ಆದರೆ ಅವಿಶ್ವಾಸ ನಿರ್ಣಯಕ್ಕೂ ಸಾಮಾನ್ಯ ಮಸೂದೆಗೂ ಒಂದೇ ವಿಪ್ ಯಾಕೆ ಅನ್ನುವುದು ನನಗೆ ಇನ್ನೂ ಅರ್ಥವಾಗಿಲ್ಲ. ಮತದ ಫಲಿತಾಂಶ ಮೊದಲೇ ಗೊತ್ತಿರುವಾಗ ಮಸೂದೆ ತಿದ್ದಲು ಉಳಿಯುವ ಜಾಗ ಸಮಿತಿಯೊಂದೇ. ಅಲ್ಲಿಗೂ ಈಗ ಕಳಿಸುವುದು ಕಡಿಮೆಯಾಗಿದೆ. 15ನೇ ಲೋಕಸಭೆಯಲ್ಲಿ (2009-14) ಶೇ. 71ರಷ್ಟು ಮಸೂದೆಗಳು ಸಮಿತಿಗೆ ಹೋಗಿದ್ದವು, 17ನೆಯದರಲ್ಲಿ (2019-24) ಸುಮಾರು ಶೇ. 16. ಮೂರು ಕೃಷಿ ಕಾಯ್ದೆಗಳು 2020ರಲ್ಲಿ ಸಮಿತಿ ನೋಡದೆ ಪಾಸಾದವು. ವರ್ಷದ ಮೇಲೆ, 2021ರ ನವೆಂಬರ್ 29ರಂದು, ಅವನ್ನು ರದ್ದು ಮಾಡುವ ಮಸೂದೆ ಒಂದೇ ದಿನದಲ್ಲಿ ಎರಡೂ ಸದನ ದಾಟಿತು, ಚರ್ಚೆಯೇ ಇಲ್ಲದೆ. ಕಾಯ್ದೆ ಬೇಕಿತ್ತೋ ಬೇಡವೋ ಅನ್ನುವುದು ಬೇರೆ ಮಾತು. ತರುವಾಗ ಸಮಿತಿಯಲ್ಲಿ ರೈತ ಸಂಘಟನೆಗಳನ್ನು ಕರೆದು ಕೇಳಿದ್ದರೆ ಆಗಲೇ ಎಷ್ಟೋ ವಿಷಯ ಗೊತ್ತಾಗುತ್ತಿತ್ತು.

ನಿಮ್ಮ ಸಂಸದರಿಗೆ ಬರೆಯುವುದಿದ್ದರೆ ಇಷ್ಟು ಮಾಡಿ, ನನ್ನಂಥವರ ಕೆಲಸ ಸುಲಭವಾಗುತ್ತದೆ. ಒಂದು ಪತ್ರದಲ್ಲಿ ಒಂದೇ ವಿಷಯ ಇರಲಿ. ಯಾವ ಯೋಜನೆ, ಯಾವ ವರ್ಷ, ಯಾವ ಊರು ಅಂತ ಬರೆಯಿರಿ. ಯಾವುದಾದರೂ ಇಲಾಖೆ ನಿಮಗೆ ಕೊಟ್ಟ ಉತ್ತರದ ಪ್ರತಿ ಇದ್ದರೆ ಲಗತ್ತಿಸಿ, ಅದು ಹತ್ತು ಪುಟದ ಗೋಳಿಗಿಂತ ಗಟ್ಟಿ. ಅಧಿವೇಶನ ಶುರುವಾದ ಮೇಲೆ ಕಳಿಸಿದರೆ ನೋಟಿಸ್ ಅವಧಿಯಲ್ಲೇ ಅರ್ಧ ಅಧಿವೇಶನ ಮುಗಿದಿರುತ್ತದೆ. ಹಾಗಾಗಿ ದಿನಾಂಕ ಘೋಷಣೆಯಾದ ಕೂಡಲೇ ಕಳಿಸಿ. ಮತ್ತೆ, ಬರೆಯುವ ಮುಂಚೆ ಸಂಸತ್ತಿನ ಜಾಲತಾಣದಲ್ಲಿ ಒಮ್ಮೆ ಹುಡುಕಿ. ನಿಮ್ಮ ಪ್ರಶ್ನೆಯನ್ನು ಬೇರೆ ಯಾವುದೋ ರಾಜ್ಯದ ಸದಸ್ಯರು ಆಗಲೇ ಕೇಳಿ, ಜಿಲ್ಲಾವಾರು ಕೋಷ್ಟಕ ಸಮೇತ ಉತ್ತರ ಬಂದಿರುವುದು ತುಂಬಾ ಸಲ ಉಂಟು.